ಕಂಸದೊಳಗಿನ ಊರು

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಕಾಗದ ಮುಂದಿಟ್ಟು ಹೆಸರು, ವಿಳಾಸ ಬರೆಯಿರಿ ಎಂದರೆ ಸಾಕು, ಕೈ ತಾನಾಗಿ ಸುಳ್ಳು ಬರೆಯುತ್ತದೆ. ಹೋದ ದೀಪಾವಳಿಗೆ ಚಳ್ಳಕೆರೆಯ ಬಟ್ಟೆ ಅಂಗಡಿಯಲ್ಲಿ ಹೆಂಡತಿಗೆ ಸೀರೆ ಕೊಂಡಾಗ ಲಕ್ಕಿ ಡ್ರಾ ಕೂಪನ್ ಕೊಟ್ಟರು. ಮೊದಲ ಬಹುಮಾನ ಫ್ರಿಜ್. ನಾನು ನನ್ನ ಹೆಸರಿನ ಕಡೆಯ ಎರಡಕ್ಷರ ತಿರುಚಿ, ಇಲ್ಲದ ಬೀದಿಯಲ್ಲಿ ಇಲ್ಲದ ಮನೆಯ ನಂಬರು ಬರೆದು ಡಬ್ಬಿಗೆ ಹಾಕಿದೆ. ಹೆಂಡತಿ ಹಿಂದಿನಿಂದ ನೋಡಿಬಿಟ್ಟಿದ್ದಳು.

“ಅಲ್ಲರೀ, ಫ್ರಿಜ್ ಬಂದ್ರೆ ಯಾರ ಮನೆಗೆ ಹೋಗ್ತೈತೆ ಅದು?”

“ಯಾರಿಗೂ ಬರಲ್ಲ ಬಿಡು.”

“ನಮಗೆ ಬರದಂಗೆ ನೀವೇ ನೋಡ್ಕಂಡ್ರಲ್ಲ.”

ಅವಳು ಹೇಳಿದ್ದು ಸರಿಯೇ. ಮೇಲಾಗಿ ನಾನು ಮೇಷ್ಟ್ರು. ಜನಗಣತಿ ಡ್ಯೂಟಿ ಬಿದ್ದಾಗ ಮನೆ ಮನೆ ಬಾಗಿಲು ತಟ್ಟಿ, ಯಜಮಾನನ ಹೆಸರೇನು, ಹೆಣ್ಣುಮಕ್ಕಳೆಷ್ಟು, ಯಾವೂರಿನವರು ಎಂದು ಕೇಳಿ ಬರೆದುಕೊಂಡವನು. ಯಾರಾದರೂ ಅನುಮಾನಪಟ್ಟರೆ, ಸರ್ಕಾರದ ಕೆಲಸ ಕಣಮ್ಮ, ಹೆದರಬೇಡಿ ಎಂದು ಧೈರ್ಯ ತುಂಬಿದವನು. ಅಂಥ ನಾನು ಲಾಡ್ಜಿನ ರಿಜಿಸ್ಟರು ಕಂಡರೆ ಬೆವರುತ್ತೇನೆ. ಮೊನ್ನೆ ಸಿಮ್ ಕಾರ್ಡಿಗೆ ನಿಜವಾದ ವಿಳಾಸವನ್ನೇ ಫೋಟೊ ಸಮೇತ ಕೊಡಬೇಕಾಯಿತು. ಆ ಜೆರಾಕ್ಸ್ ಪ್ರತಿ ಅಂಗಡಿಯವನ ಮೇಜಿನ ಮೇಲೆ ಬೋಂಡದ ತಟ್ಟೆಯ ಅಡಿಯಲ್ಲಿ ಬಿದ್ದಿದ್ದನ್ನು ನೋಡಿ ಎರಡು ದಿನ ನನಗೆ ಊಟ ಸೇರಲಿಲ್ಲ.

ಈಚೆಗೆ ಪೇಪರಿನಲ್ಲಿ ದೊಡ್ಡ ದೊಡ್ಡವರು ಖಾಸಗಿ ಮಾಹಿತಿ, ಡೇಟಾ ಸೋರಿಕೆ ಎಂದೆಲ್ಲ ಬರೆಯುತ್ತಿದ್ದಾರೆ. ಅದನ್ನು ಓದುವಾಗ ನನಗೆ ಕಂಪ್ಯೂಟರು ನೆನಪಾಗುವುದಿಲ್ಲ. ಬಿ.ಜಿ. ಕೆರೆ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡಿರುವ ನಮ್ಮ ಶೇಂಗಾ ಹೊಲ, ಅದರ ಬದುವಿನ ಪಕ್ಕದಲ್ಲಿರುವ ತಾತನ ಸಮಾಧಿ, ಆ ಸಮಾಧಿಯ ತಲೆಯ ಕಡೆ ನಿಲ್ಲಿಸಿದ ಕಲ್ಲು ನೆನಪಾಗುತ್ತದೆ.

ಮೊದಲಿಂದ ನಾನು ಹೀಗಿದ್ದವನಲ್ಲ. ಚಿಕ್ಕಂದಿನಲ್ಲಿ ನನ್ನ ಹೆಸರು ಬರೆಯದ ಜಾಗವೇ ಮನೆಯಲ್ಲಿ ಇರಲಿಲ್ಲ. ಸ್ಲೇಟಿನ ಕಟ್ಟು, ಮಂಚದ ಪಟ್ಟಿ, ಹಿತ್ತಲ ಗೋಡೆ ಎಲ್ಲ ಆಯಿತು. ಒಮ್ಮೆ ಎಮ್ಮೆಯ ಕೊಂಬಿನ ಮೇಲೂ ಬಣ್ಣದಲ್ಲಿ ಬರೆದೆ. ಆಮೇಲೆ ಕಾವಲಿನಲ್ಲಿ ದನ ಮೇಯಿಸುವವರು ಆ ಎಮ್ಮೆಯನ್ನು ನನ್ನ ಹೆಸರಿನಿಂದಲೇ ಕರೆಯತೊಡಗಿದರು. ಎಮ್ಮೆ ಓಗೊಡುತ್ತಲೂ ಇತ್ತು. ಈ ಹುಚ್ಚಿಗೆಲ್ಲ ಕಾರಣ ನನ್ನ ಅಕ್ಷರ. ಮುತ್ತು ಪೋಣಿಸಿದಂಗೆ ಬರೀತಾನೆ ಎಂದು ಹೊಗಳಿ ಹೊಗಳಿ ನಮ್ಮವರು ನನ್ನನ್ನು ಕೆಡಿಸಿದ್ದರು.

ನಮ್ಮ ಮನೆತನಕ್ಕೇ ಹೆಸರಿನ ಹುಚ್ಚು ಎನ್ನಿ. ಪಾತ್ರೆ ಅಂಗಡಿಯಲ್ಲಿ ಕರ್ರೆನ್ನುವ ಮಿಷನ್ನಿನಿಂದ ಹೆಸರು ಹಾಕಿಸದ ಒಂದು ಲೋಟವೂ ನಮ್ಮ ಅಡುಗೆಮನೆಗೆ ಬರುತ್ತಿರಲಿಲ್ಲ. ಅವ್ವನಿಗೆ ಓದು ಬಾರದು. ಆದರೆ ಪಾತ್ರೆ ತೊಳೆಯುವಾಗ ಹೆಬ್ಬೆರಳಿನಿಂದ ಅಕ್ಷರ ಸವರಿ, ಇದು ದೊಡ್ಡಉಳ್ಳಾರ್ತಿಯೋರು ಕೊಟ್ಟಿದ್ದು, ಇದು ನಿಮ್ಮ ತಾತ ಹಾಕ್ಸಿದ್ದು ಎಂದು ಹೇಳಿಬಿಡುತ್ತಿದ್ದಳು. ಇನ್ನು ಲಗ್ನಪತ್ರಿಕೆಯ ವಿಷಯ ಕೇಳಲೇಬೇಡಿ. ಕೆಳಗಡೆ ‘ಸುಖಾಗಮನ ಬಯಸುವವರು’ ಎಂದು ಸಾಲಾಗಿ ಬರುವ ಹೆಸರುಗಳಿಗಾಗಿ ನಮ್ಮಲ್ಲಿ ಮದುವೆಗಳೇ ನಿಲ್ಲುವುದರಲ್ಲಿದ್ದವು. ಅಪ್ಪನ ಅಣ್ಣ, ರಾಂಪುರದಲ್ಲಿದ್ದ ಬೋರಯ್ಯ ದೊಡ್ಡಪ್ಪ, ಒಂದು ಮದುವೆಯ ಪತ್ರಿಕೆಯಲ್ಲಿ ತನ್ನ ಹೆಸರು ಬಿಟ್ಟುಹೋಗಿತ್ತೆಂದು ಚಪ್ಪರದ ಹೊರಗೆ ಕಲ್ಲಿನ ಮೇಲೆ ಕೂತು ಊಟಕ್ಕೇ ಏಳಲಿಲ್ಲ. “ನಾನು ಸತ್ತೋಗಿದೀನಿ ತಗಳಪ್ಪ, ಸತ್ತೋನಿಗೆ ಯಾತರ ಊಟ” ಎನ್ನುತ್ತಿದ್ದ. ಪಟ್ಟಿಯಲ್ಲಿ ಹೆಸರಿಲ್ಲದವರು ಒಂದೋ ಸತ್ತಿರಬೇಕು, ಇಲ್ಲವೇ ಸಂಬಂಧ ಕಡಿದುಕೊಂಡಿರಬೇಕು. ಇದು ನಮ್ಮ ಮನೆಯ ಕಾನೂನು.

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಅಪ್ಪನ ಕೊನೆಯ ತಂಗಿ. ಇಲ್ಲಿ ಅವಳನ್ನು ಓಬಮ್ಮ ಎಂದು ಬರೆಯುತ್ತೇನೆ. ಅದು ಅವಳ ಹೆಸರಲ್ಲ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಓಬತ್ತೆಯನ್ನು ಗಡಿಯಾಚೆಯ ಒಬ್ಬ ಲಾರಿ ಡ್ರೈವರನಿಗೆ ಕೊಟ್ಟಿದ್ದರು. ಅವನು ಹೊಡೆಯುತ್ತಿದ್ದ. ಕುಡಿದಾಗ ಹೊಡೆಯುವವರುಂಟು, ಇವನು ಕುಡಿಯದೆಯೇ ಹೊಡೆಯುತ್ತಿದ್ದ. ಎಡಗೈಯ ಕಿರುಬೆರಳು ಮುರಿದ ಮೇಲೆ ಅವಳು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ತಾತನ ಹತ್ತಿರ ಬಂದಳು. ತವರಿನಲ್ಲಿದ್ದರೆ ಹುಡುಕಿಕೊಂಡು ಬರುತ್ತಾನೆಂದು ತಾತ ಅವಳನ್ನು ಮೊಳಕಾಲ್ಮೂರಿನಲ್ಲಿ ತನಗೆ ಗುರುತಿದ್ದ ನೇಕಾರರೊಬ್ಬರ ಮನೆಯಲ್ಲಿ ಬಿಟ್ಟು ಬಂದ. ವಯಸ್ಸಾದ ಗಂಡ ಹೆಂಡತಿ, ಒಂದು ಮಗ್ಗ. ಅತ್ತೆ ರಾಟೆಯ ಮುಂದೆ ಕೂತು ರೇಷ್ಮೆಯ ನೂಲನ್ನು ಕಂಡಿಗೆಗೆ ಸುತ್ತಿಕೊಡುತ್ತಿದ್ದಳು. ನಾನು ಒಮ್ಮೆ ಹೋದಾಗ ಎಡಗೈಯ ಸೊಟ್ಟ ಬೆರಳಿನಲ್ಲೇ ನೂಲು ಹಿಡಿದು, “ನೋಡೋ, ಈ ಬೆರಳು ಇದಕ್ಕಂತಲೇ ಮುರಿದಂಗೈತೆ” ಎಂದು ನಕ್ಕಿದ್ದಳು.

ಗಂಡ ಎರಡು ಸಲ ಚಳ್ಳಕೆರೆಯ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತು ಹೋಗಿದ್ದ. ಗೊತ್ತಿಲ್ಲ ಎಂದೆವು. ಮನೆಯೊಳಗೆ ಸಹ ಮೊಳಕಾಲ್ಮೂರು ಎನ್ನುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವ್ವ ‘ಆ ಊರು’ ಎನ್ನುತ್ತಿದ್ದಳು. ಸಂತೆಯಲ್ಲಿ ಯಾರಾದರೂ ಮೊಳಕಾಲ್ಮೂರು ಸೀರೆ ಎಂದರೂ ಅವ್ವ ಬೆಚ್ಚಿ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಹೀಗೆ ನಾಲ್ಕು ವರ್ಷ ಮನೆಮಂದಿಯೆಲ್ಲ ಬಾಯಿ ಕಟ್ಟಿ ಬದುಕಿದೆವು.

ತಾತ ತೀರಿಕೊಂಡದ್ದು ತೊಂಬತ್ತರ ದಶಕದ ನಡುವಿನಲ್ಲಿ. ನನಗೆ ಆಗಷ್ಟೇ ಮೇಷ್ಟ್ರ ಕೆಲಸ ಸಿಕ್ಕಿತ್ತು. ವರ್ಷದ ಎಡೆಗೆ ಸಮಾಧಿಗೊಂದು ಕಲ್ಲು ನಿಲ್ಲಿಸಬೇಕೆಂದಾಯಿತು. ಕಲ್ಲಿನಲ್ಲಿ ಯಾರ ಯಾರ ಹೆಸರು ಇರಬೇಕು ಎಂದು ಮಾತು ಬಂದಾಗ ಬೋರಯ್ಯ ದೊಡ್ಡಪ್ಪ ಲಗ್ನಪತ್ರಿಕೆಯ ಗಾಯವನ್ನು ಇನ್ನೂ ಮರೆತಿರಲಿಲ್ಲ.

“ಒಂದು ಹೆಸ್ರೂ ಬಿಡಂಗಿಲ್ಲ. ಮಕ್ಕಳು, ಸೊಸೇರು, ಮೊಮ್ಮಕ್ಕಳು, ಎಲ್ಲಾ ಬರ್ಲಿ” ಎಂದ.

ಅಪ್ಪ ದನಿ ತಗ್ಗಿಸಿ ಕೇಳಿದ. “ಓಬಮ್ಮಂದು?”

ಅವ್ವ ಒಳಗಿನಿಂದ ಹೇಳಿದಳು. “ಬಿಟ್ರೆ ಅವಳೇನು ಸತ್ತೋಳಾ? ಅಪ್ಪನ ಕಲ್ಲಿನ ಮ್ಯಾಲೆ ಮಗಳ ಹೆಸ್ರಿರಲಿ.”

ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಡುವ ಕೆಲಸ, ಇನ್ಯಾರಿಗೆ, ನನಗೇ ಬಂತು. ಬರೆದಂತೆ ಕೆತ್ತುವವನು ಎರ್ರೆಪ್ಪ. ಗಡಿಯ ಕಡೆಯವನು, ಮನೆಮಾತು ತೆಲುಗು. ನಾನು ಒಂದು ಭಾನುವಾರ ಹೊಲದಲ್ಲಿ ಕಲ್ಲನ್ನು ಮಲಗಿಸಿಕೊಂಡು ಬರೆದೆ. ಮೇಲೆ ದೊಡ್ಡದಾಗಿ ದಿ|| ಎಂದು ಹಾಕಿ ತಾತನ ಹೆಸರು. ಕೆಳಗೆ ಗಂಡುಮಕ್ಕಳು. ಅದರ ಕೆಳಗೆ ಹೆಣ್ಣುಮಕ್ಕಳು, ಅವರ ಮುಂದೆ ಕಂಸದೊಳಗೆ ಕೊಟ್ಟ ಊರು. ದೊಡ್ಡ ಅತ್ತೆಗೆ ದೊಡ್ಡಉಳ್ಳಾರ್ತಿ, ನಡುವಿನವಳಿಗೆ ಹಿರಿಯೂರು. ಓಬಮ್ಮ ಎಂದು ಬರೆದು ಎದ್ದು ನಿಂತು ನೋಡಿದೆ. ಮೇಲಿನ ಎರಡು ಸಾಲು ಉದ್ದ, ಈ ಸಾಲು ಮೊಂಡು. ಬಲಗಡೆ ಖಾಲಿ ಜಾಗ ಕಣ್ಣಿಗೆ ಚುಚ್ಚತೊಡಗಿತು. ಅಂದ ಕೆಟ್ಟಿತಲ್ಲ ಎನ್ನಿಸಿತು. ಬಗ್ಗಿ, ಒಂದು ಕಂಸ ಹಾಕಿ, ಮೊಳಕಾಲ್ಮೂರು ಎಂದು ಬರೆದು, ಇನ್ನೊಂದು ಕಂಸ ಹಾಕಿದೆ.

ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಬಾಯಿ ಕಟ್ಟಿದವರಲ್ಲಿ ನಾನೂ ಒಬ್ಬ. ಬಾಯಿಗಿದ್ದ ಎಚ್ಚರ ಕೈಗಿರಲಿಲ್ಲ. ಬರೆಯುವಾಗ ನನಗೆ ಕಂಡದ್ದು ಅಕ್ಷರ ಮಾತ್ರ, ಅತ್ತೆ ಕಾಣಲಿಲ್ಲ. ಅಪ್ಪ ಬಂದು ನೋಡಿದ. ಅವನೂ ಕಂಡದ್ದು ಅದನ್ನೇ. “ಚೆನ್ನಾಗೈತೆ ಕಣಪ್ಪ ಅಕ್ಷರ” ಎಂದು ಬೆನ್ನು ತಟ್ಟಿದ. ಬ್ರಾಕೆಟ್ಟಿಗೆ ಕನ್ನಡದಲ್ಲಿ ಕಂಸ ಎಂದು ಯಾರು ಹೆಸರಿಟ್ಟರೋ ಕಾಣೆ. ತಂಗಿಯನ್ನು ಸೆರೆಗೆ ಹಾಕಿದವನ ಹೆಸರು ಅದು. ಪಾಠ ಮಾಡುವಾಗ ಬೋರ್ಡಿನ ಮೇಲೆ ಅದನ್ನು ಹಾಕಬೇಕಾಗಿ ಬಂದರೆ ಈಗಲೂ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.

ವರ್ಷದ ಎಡೆಯ ದಿನ ನೆಂಟರೆಲ್ಲ ಹೊಲಕ್ಕೆ ಬಂದರು. ಓಬತ್ತೆಯೊಬ್ಬಳು ಬರುವಂತಿರಲಿಲ್ಲ. ಕಲ್ಲಿಗೆ ಹೊದಿಸಿದ ಪಂಚೆ ತೆಗೆದಾಗ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದ. ತಾತನ ಹೆಸರು ಆಯಿತು. ಮುಂದಿನ ಸಾಲಿಗೆ ನಿಂತುಬಿಟ್ಟ. ಅಲ್ಲಿ ದಿ|| ಬೋರಯ್ಯ ಎಂದು ಅಚ್ಚುಕಟ್ಟಾಗಿ ಕೆತ್ತಿತ್ತು.

“ಯಾವನಲೇ ನನ್ನ ಸಾಯ್ಸಿದೋನು?”

ಎರ್ರೆಪ್ಪ ಮುಂದೆ ಬಂದು ಕೈ ಮುಗಿದ. “ಪೆದ್ದಾಯನ ಕದಾ ಸಾಮಿ, ಹಿರೇರು ಅಲ್ವಾ, ಗೌರವಕ್ಕೆ ಹಾಕ್ದೆ.” ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವನ ತೆಲುಗಿನ ಕಲ್ಲುಗಳಲ್ಲಿ ಸತ್ತವರಿಗೆ ಕೀ.ಶೇ. ಎಂದು ಬರೆಯುತ್ತಾರೆ. ನಮ್ಮ ದಿ|| ಅವನಿಗೆ ಹೊಸದು. ಶ್ರೀ ಇದ್ದ ಹಾಗೆ ಇದೂ ಮನೆಯ ದೊಡ್ಡವರಿಗೆ ಹಾಕುವ ಮರ್ಯಾದೆ ಇರಬೇಕೆಂದುಕೊಂಡ. ದೊಡ್ಡಪ್ಪ ವಾರವಿಡೀ ಕೊಡೆ ಹಿಡಿದು ಪಕ್ಕದಲ್ಲಿ ಕೂತು ದರ್ಬಾರು ಮಾಡಿದ್ದನಲ್ಲ, ಮೇಷ್ಟ್ರು ಇವರಿಗೆ ಹಾಕೋದು ಮರೆತಿದ್ದಾರೆ ಎಂದು ತಾನೇ ಸೇರಿಸಿದ್ದ. ಸಮಾಧಿಯ ಮುಂದೆ ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲೇ ಸಿಮೆಂಟು ಕಲಸಿ ಆ ಅಕ್ಷರ ಮುಚ್ಚಿದ್ದಾಯಿತು. ಅವತ್ತು ಕಲ್ಲಿನ ಮುಂದೆ ನಿಂತವರು ಮೂವತ್ತು ಜನ ಇದ್ದೆವು. ನಗುವಿನಲ್ಲಿ ಯಾರೂ ಅತ್ತೆಯ ಸಾಲಿನವರೆಗೆ ಓದಲಿಲ್ಲ.

ಓದಿದವನು ಅವನು. ಆರೇಳು ತಿಂಗಳಾದ ಮೇಲೆ ಬಳ್ಳಾರಿಯ ಕಡೆ ಲಾರಿ ಹೊಡೆದುಕೊಂಡು ಹೋಗುವಾಗ ಹೊಲದಲ್ಲಿ ಹೊಸ ಕಲ್ಲು ಕಂಡು ಇಳಿದಿದ್ದಾನೆ. ಅವನು ಏನು ಹುಡುಕಿದ ಎನ್ನುವುದನ್ನು ಆ ನೇಕಾರರ ಮನೆಯ ಅಜ್ಜನ ಮುಂದೆ ಅವನೇ ಹೇಳಿದನಂತೆ. “ಅಳಿಯನ ಹೆಸ್ರು ಹಾಕ್ಸಿರ್ತಾರೆ ಅಂತ ನೋಡ್ದೆ. ನಂದು ಇರ್ಲಿಲ್ಲ. ಅವಳ್ದು ಇತ್ತು, ಊರ್ ಸಮೇತ.”

ಅವಳ ನಿಜವಾದ ಹೆಸರೂ ಓಬಮ್ಮನ ಹಾಗೆಯೇ ನಮ್ಮ ಸೀಮೆಯಲ್ಲಿ ಬೀದಿಗೆ ನಾಲ್ಕು ಸಿಗುತ್ತದೆ. ಹೆಸರೊಂದೇ ಇದ್ದಿದ್ದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ. ಊರು ಸಿಕ್ಕಿದ ಮೇಲೆ ಸೊಟ್ಟ ಬೆರಳಿನ ಹೆಂಗಸು ಎಂದು ಕೇಳಿಕೊಂಡು ಮನೆ ಮುಟ್ಟಲು ಅರ್ಧ ದಿನ ಸಾಕಾಯಿತು. ಅತ್ತೆ ರಾಟೆಯ ಮುಂದಿದ್ದಳು. ಮೊದಲ ಏಟು ಕಿವಿಯ ಮೇಲೆ ಬಿತ್ತು. ಬೀದಿಯವರು ಸೇರಿ ಅವನನ್ನು ಹಿಡಿದೆಳೆಯುವಷ್ಟರಲ್ಲಿ ಅಜ್ಜಿ ಅವಳನ್ನು ಒಳಗೆ ನೂಕಿದಳು. ಬಿಡಿಸಿಕೊಂಡು ಒಳಗೆ ನುಗ್ಗಿದವನು ಮನೆಯೆಲ್ಲ ಜಾಲಾಡಿದ. ಅತ್ತೆ ಮಗ್ಗದ ಕೆಳಗಿನ ಕುಣಿಯಲ್ಲಿ, ನೇಯುವವರು ಕಾಲು ಇಳಿಬಿಡುವ ಗುಂಡಿಯಲ್ಲಿ, ಮುದುಡಿ ಕೂತಿದ್ದಳು. ಮೇಲೆ ಅರ್ಧ ನೇಯ್ದ ಸೀರೆ ಬಿಗಿದಿತ್ತು. ನಮ್ಮ ಕಡೆ ಹೆಣ ಹೂಳಲು ತೋಡುವುದಕ್ಕೂ ಕುಣಿ ಎಂದೇ ಹೆಸರು. ಅವನು ರಾಟೆಯನ್ನು ಒದ್ದು ಮುರಿದು, ಮತ್ತೆ ಬರುತ್ತೇನೆಂದು ಹೇಳಿ ಹೋದ. ಆವತ್ತಿನಿಂದ ಅತ್ತೆಗೆ ಎಡಗಿವಿ ಕೇಳಿಸಲಿಲ್ಲ.

ಮಾರನೆಯ ದಿನ ಅಪ್ಪ, ಅವ್ವ, ನಾನು ಹೋದೆವು. ಅಜ್ಜ ಎಲ್ಲ ಹೇಳಿದ. ಕಲ್ಲಿನ ಮಾತು ಬಂದಾಗ ಅಪ್ಪ ನನ್ನ ಕಡೆ ನೋಡಿದ. ನಾನು ಅತ್ತೆಯ ಬಲಗಡೆ ಹೋಗಿ ಕೂತು ಹೇಳಿದೆ. “ಅತ್ತೆ, ಊರು ಬರೆದೋನು ನಾನೇ.”

“ನೀನಾ?” ಎಂದಳು. “ಯಾಕೋ ಬರ್ದೆ?”

“ಸಾಲು ಸಣ್ಣದಾಗಿ ಕಾಣ್ತಿತ್ತು.”

ಇದಕ್ಕಿಂತ ಅವಮಾನದ ಮಾತನ್ನು ನಾನು ಜೀವನದಲ್ಲಿ ಆಡಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಬಾತ ಮುಖವನ್ನು ಸೆರಗಿನಿಂದ ಒತ್ತಿಕೊಂಡಳು.

“ಬೋರಣ್ಣಗೆ ಎರ್ರೆಪ್ಪ ಏನೋ ಹಾಕಿದ್ನಂತಲ್ಲ, ನೀವೆಲ್ಲ ನಕ್ಕಿದ್ರಂತಲ್ಲ. ಅದನ್ನ ನನಗೂ ಹಾಕ್ಸು.”

ಅವ್ವ “ಬಿಡ್ತು ಅನ್ನು” ಎಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

“ಯಾಕತ್ತಿಗೆ. ಅವನು ಓದ್ಬಲ್ಲ, ಓದ್ಲಿ. ಕಲ್ಲು ಹೇಳಿದ್ದನ್ನ ನಂಬ್ತಾನೆ ಅವನು, ಮನುಷ್ಯರು ಹೇಳಿದ್ರೆ ನಂಬಲ್ಲ.”

ಅತ್ತೆಯನ್ನು ಆ ವಾರವೇ ಇನ್ನೊಂದು ಊರಿಗೆ ಕಳಿಸಿದೆವು. ನಾನು ಎರ್ರೆಪ್ಪನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಕಂಸವನ್ನೂ ಅದರೊಳಗಿನ ಊರನ್ನೂ ಅವನು ಚಕ್ಕೆ ಎಬ್ಬಿಸಿ ತೆಗೆದ. ಅಲ್ಲಿ ಅಂಗೈ ಉದ್ದದ ಒಂದು ತಗ್ಗು ಉಳಿಯಿತು. ಇನ್ನು ದಿ|| ಹಾಕು ಎಂದೆ. ಈಗ ಅವನಿಗೆ ಅದರ ಅರ್ಥ ಗೊತ್ತಿತ್ತು.

“ಬತಿಕುಂಡೇ ಮನಿಷಿಕಾ ಸಾಮಿ? ಬದುಕಿರೋರಿಗಾ? ನನ್ನ ಕೈಯಾಗೆ ಆಗಲ್ಲ.”

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಉಳಿ, ಸುತ್ತಿಗೆಗಳನ್ನು ನನ್ನ ಕೈಗೆ ಕೊಟ್ಟು ರಸ್ತೆಯ ಕಡೆ ಮುಖ ಮಾಡಿ ಕೂತುಬಿಟ್ಟ. ನಾನೇ ಕೆತ್ತಿದೆ. ಎರಡು ಗೀಟು ನೆಟ್ಟಗೆ ಬಂದವು. ದಿ ಮಾತ್ರ ಒಂದನೇ ತರಗತಿಯ ಮಗು ತಿದ್ದಿದ ಹಾಗೆ ಸೊಟ್ಟಗೆ, ಹೆಸರಿನ ಎಡಕ್ಕೆ ಇದ್ದ ಚೂರು ಜಾಗದಲ್ಲಿ ಇರುಕಿಕೊಂಡು ಕೂತಿತು. ಮುತ್ತು ಪೋಣಿಸುವವನ ಕೈಯಿಂದ ಬಂದ ಅತ್ಯಂತ ಕೆಟ್ಟ ಅಕ್ಷರ ಅದು.

ಅವನು ಓದಿದ. ಮುಂದಿನ ಬೇಸಗೆಯಲ್ಲಿ ನಮ್ಮ ಜಗಲಿಗೆ ಬಂದ. ನಾನು ಒಳಗಿದ್ದೆ. ಬಾಗಿಲಲ್ಲಿ ಅವ್ವ ಇದ್ದಳು.

“ಯಾವಾಗ?” ಎಂದು ಕೇಳಿದ.

“ಶ್ರಾವಣದಾಗೆ.”

“ಏನಾಗಿತ್ತು?”

“ನಿನಗೆ ಗೊತ್ತಿಲ್ವೇನಪ್ಪ?”

ಅವನು ತಲೆ ತಗ್ಗಿಸಿ ಎದ್ದು ಹೋದ. ಮತ್ತೆ ಬರಲಿಲ್ಲ. ಬೇರೆ ಮದುವೆಯಾದನೆಂದು ಕೇಳಿದೆವು. ಆ ಹೆಣ್ಣುಮಗಳ ಗತಿ ಏನಾಯಿತೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಅವ್ವ ಆ ದಿನ ತಲೆಯ ಮೇಲೆ ನೀರು ಹಾಕಿಕೊಂಡು, ಒಲೆ ಹಚ್ಚದೆ, ಗೋಡೆಗೊರಗಿ ಕೂತಿದ್ದಳು. ಸೂತಕ ಆಚರಿಸುತ್ತಿದ್ದಾಳೆಂದು ನನಗೆ ಆಮೇಲೆ ಹೊಳೆಯಿತು.

ಅತ್ತೆ ಹೊಸ ಊರಿನಲ್ಲಿ ಹೊಸ ಹೆಸರು ಇಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಿದಳು. ಒಂದು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ರೇಷನ್ ಕಾರ್ಡು ಬೇಡವೆಂದಳು, ಓಟಿನ ಪಟ್ಟಿ ಬೇಡವೆಂದಳು. ಜನಗಣತಿಯವರು ಬಂದಾಗ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ ಎಂದು ನನಗೇ ಹೇಳಿದಳು, ಬೇರೆ ಊರಿನಲ್ಲಿ ಆ ದಿನವೇ ನಾನು ಯಾರದೋ ಬಾಗಿಲು ತಟ್ಟುತ್ತಿದ್ದಿರಬೇಕು. ನನ್ನ ಮದುವೆಯ ಪತ್ರಿಕೆಯಲ್ಲಿ ಅವಳ ಹೆಸರು ಬರಲಿಲ್ಲ. ಬೇಡ ಎಂದವನು ಬೋರಯ್ಯ ದೊಡ್ಡಪ್ಪನೇ. ಹೇಳಿ ಹೊರಗೆ ಹೋಗಿ ಅತ್ತ. ಒಂದು ಪತ್ರಿಕೆಯನ್ನು ಅವಳಿಗೆ ಕೊಟ್ಟು ಬಂದೆ. ಹೆಸರುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. ಅತ್ತೆಯಂದಿರ ಸಾಲು ಬಂದಾಗ ಬೆರಳು ಎರಡು ಹೆಸರು ದಾಟಿ, ಮೂರನೆಯದಕ್ಕೆ ಖಾಲಿ ಜಾಗದಲ್ಲಿ ನಿಂತಿತು.

ಒಂದೇ ಒಂದು ಸಲ ತಾತನ ಸಮಾಧಿ ನೋಡಬೇಕೆಂದಳು. ಇಳಿಯುವುದು ಬೇಡ, ಬಸ್ಸಿನಿಂದಲೇ ತೋರಿಸು ಎಂದಳು. ಕಿಟಕಿಯ ಪಕ್ಕ ಕೂರಿಸಿಕೊಂಡು ಬಂದೆ. ಬಿ.ಜಿ. ಕೆರೆ ದಾಟಿದ ಮೇಲೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಹೊಲ ಬಂತು, ಕಲ್ಲು ಬಂತು, ಹೋಯಿತು.

“ನನ್ನ ಹೆಸ್ರು ಅಲ್ಲೇ ಐತಾ?”

“ಐತೆ ಅತ್ತೆ.”

“ನೀನು ಹಾಕಿದ್ದೂ?”

“ಅದೂ ಐತೆ.”

“ಅಪ್ಪನ ಕಾಲಿಗೆ ಬೀಳಾಕೂ ಇಳಿಯಂಗಿಲ್ಲ ನೋಡು, ಸತ್ತೋಳು” ಎಂದು ಬೇರೆ ಕಡೆ ಮುಖ ತಿರುಗಿಸಿದಳು.

ಹೋದ ಮಾಘದಲ್ಲಿ ಓಬತ್ತೆ ತೀರಿಕೊಂಡಳು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅವಳ ಸುಳ್ಳು ಹೆಸರನ್ನು ನನ್ನ ಚೆಂದದ ಅಕ್ಷರದಲ್ಲಿ ನಾನೇ ಬರೆದೆ. ಆ ಊರಿನವರೇ ಮುಂದೆ ನಿಂತು ಮಣ್ಣು ಮಾಡಿದರು. ಕಲ್ಲಿನ ಮೇಲೆ ಏನು ಬರೆಸೋಣ ಮೇಷ್ಟ್ರೇ ಎಂದು ಕೇಳಿದರು. ಯಾವ ಹೆಸರು ಹೇಳಲಿ. ಏನೂ ಬೇಡ, ಕಲ್ಲೊಂದಿದ್ದರೆ ಸಾಕು ಎಂದು ಬಂದೆ.

ಹನ್ನೊಂದನೆಯ ದಿನ ಕಳೆದ ಮೇಲೆ ತಾತನ ಕಲ್ಲಿಗೆ ಎಡೆ ಇಡಲು ಹೊಲಕ್ಕೆ ಹೋದೆ. ಎಲ್ಲರಿಗೂ ಹೊಸದಾಗಿ ಸುದ್ದಿ ಮುಟ್ಟಿಸಬೇಕು, ಕಲ್ಲಿಗೆ ಮಾತ್ರ ಬೇಕಿರಲಿಲ್ಲ. ಸುದ್ದಿ ಕೇಳಿ ಎರ್ರೆಪ್ಪ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಕೆತ್ತಿದ ಆ ಸೊಟ್ಟ ದಿ ಮೇಲೆ ಹೆಬ್ಬೆರಳು ಆಡಿಸಿದ. ಚೀಲದಿಂದ ಉಳಿ ತೆಗೆದ.

“ಇಪ್ಪುಡು ನೇನು ಚೆಕ್ಕುತಾ ಸಾಮಿ” ಎಂದ. ಈಗ ನಾನು ಕೆತ್ತುತ್ತೇನೆ.

ಕೂತು, ಆತುರವಿಲ್ಲದೆ, ಆ ಅಕ್ಷರವನ್ನು ಆಳ ಮಾಡಿ ದುಂಡಗೆ ತಂದ. ಧೂಳು ಊದಿದ. ಆಮೇಲೆ ಬಲಗಡೆಯ ತಗ್ಗಿನ ಮೇಲೆ ಬೆರಳಿಟ್ಟು ಕೇಳಿದ. “ಊರು ಹಾಕ್ಲಾ ಸಾಮಿ? ಇನ್ನೇನು ಭಯ. ಜಾಗ ಐತೆ.”

ಊರಿನ ಹೆಸರು ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಬಳ್ಳಾರಿಯ ಕಡೆಯಿಂದ ಒಂದು ಲಾರಿ ಬಂತು. ಅದು ದಾಟಿ ಸದ್ದು ಅಡಗುವವರೆಗೂ ನಾನು ಕಲ್ಲಿಗೆ ಅಡ್ಡವಾಗಿ ನಿಂತಿದ್ದೆ.

“ಬೇಡ ಎರ್ರೆಪ್ಪ” ಎಂದೆ. “ಖಾಲಿ ಇರ್ಲಿ.”